ಕಾಂಪೌಂಡಿನಾಚೆಯ ಹಸಿರು

ಹಸಿರು ಕಟ್ಟಡಗಳಿಗೆ ಕೊಡುವ ದರ್ಜೆಗಳಿಗೆ ಲೋಹಗಳ ಹೆಸರಿದೆ. ಬೆಳ್ಳಿ, ಚಿನ್ನ, ಪ್ಲಾಟಿನಂ. ಬೆಂಗಳೂರಿನ ನಡುಭಾಗದಲ್ಲಿ ಹೊಸದಾಗಿ ಎದ್ದ ಆಫೀಸು ಗೋಪುರಗಳ ಲಾಬಿಗೆ ಹೋದರೆ ರಿಸೆಪ್ಶನ್ ಮೇಜಿನ ಹಿಂದೆ ಒಂದು ಗಾಜಿನ ಫಲಕ ಕಾಣಸಿಗುತ್ತದೆ: ಈ ಕಟ್ಟಡ ‘ಲೀಡ್ ಗೋಲ್ಡ್’, ಇಲ್ಲವೇ ‘ಪ್ಲಾಟಿನಂ’. ನಮ್ಮ ಕಡೆಯವರಿಗೆ ಇದು ಸ್ವಲ್ಪ ತಮಾಷೆಯಾಗಿ ಕೇಳಿಸುತ್ತದೆ. ನಮ್ಮ ಕಡೆ ಅಂದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಎಂದು ಚರಿತ್ರೆಯ ಪುಸ್ತಕದಲ್ಲಿ ಒಂದು ಸಾಲು ಬರುತ್ತದೆ, ಅಲ್ಲಿಗೆ ನಮ್ಮ ಕೀರ್ತಿ ಮುಗಿಯಿತು. ಹತ್ತಿರದಲ್ಲೇ ಕೆ.ಜಿ.ಎಫ್. ಅಲ್ಲಿ ಚಿನ್ನ ಅಂದರೆ ದರ್ಜೆಯ ಹೆಸರಲ್ಲ. ಒಂದು ಟನ್ ಕಲ್ಲನ್ನು ಒಡೆದು, ಅರೆದು, ಸೈನೈಡ್ ನೀರಿನಲ್ಲಿ ತೊಳೆದರೆ ಕೈಗೆ ಬರುವ ಕೆಲವು ಗ್ರಾಂ. ಮಿಕ್ಕಿದ್ದು ಗುಡ್ಡ.

ನೂರಿಪ್ಪತ್ತು ವರ್ಷಗಳಲ್ಲಿ ಇಲ್ಲಿಂದ ಸುಮಾರು 800 ಟನ್ ಚಿನ್ನ ಹೊರಗೆ ಹೋಯಿತು. ಅರೆದ ಮಣ್ಣು, ಮೂರು ಕೋಟಿ ಟನ್ನಿಗೂ ಹೆಚ್ಚು, ಇಲ್ಲೇ ಉಳಿಯಿತು. ಜನ ಅದನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ಗಾಳಿಗಾಲದಲ್ಲಿ ಅದರ ಧೂಳು ಒಗೆದು ಹರವಿದ ಬಟ್ಟೆಯ ಮೇಲೆ ಕೂರುತ್ತದೆ. 1880ರಲ್ಲಿ ಗಣಿ ಹಿಡಿದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್‌ನಿಂದ ಹಿಡಿದು, 1956ರಲ್ಲಿ ಅದನ್ನು ವಹಿಸಿಕೊಂಡ ಮೈಸೂರು ಸರ್ಕಾರ, ಕೊನೆಗೆ ಭಾರತ್ ಗೋಲ್ಡ್ ಮೈನ್ಸ್‌ವರೆಗೆ ಎಲ್ಲರೂ ಚಿನ್ನದ ಲೆಕ್ಕ ಇಟ್ಟರು. ಗುಡ್ಡ ಯಾರ ಬಾಬತ್ತು ಎಂಬುದು 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗಲೂ ತೀರ್ಮಾನವಾಗಿರಲಿಲ್ಲ. ಆಗ ನನಗೆ ಅಂಗನವಾಡಿಗೆ ಹೋಗುವ ವಯಸ್ಸು. ಗುಡ್ಡ ಅಂದರೆ ಭೂಗೋಳ ಎಂದೇ ತಿಳಿದು ಬೆಳೆದ ತಲೆಮಾರು ನಮ್ಮದು.

ಹೀಗಾಗಿ ಯಾವುದೇ ಲೆಕ್ಕಪತ್ರ ಕಣ್ಣಿಗೆ ಬಿದ್ದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ಅಭ್ಯಾಸವಾಗಿದೆ. ಹಸಿರು ಕಟ್ಟಡದ ರೇಟಿಂಗ್ ಕೂಡ ಒಂದು ಲೆಕ್ಕಪತ್ರ. ಅಮೆರಿಕದಲ್ಲಿ ರೂಪುಗೊಂಡ ಲೀಡ್ 2000ದ ಹೊತ್ತಿಗೆ ಬಳಕೆಗೆ ಬಂತು. ಮರುವರ್ಷವೇ ಭಾರತೀಯ ಹಸಿರು ಕಟ್ಟಡ ಮಂಡಳಿ ಹುಟ್ಟಿತು. ಹೈದರಾಬಾದಿನಲ್ಲಿರುವ ಸೊಹ್ರಾಬ್ಜಿ ಗೋದ್ರೆಜ್ ಕೇಂದ್ರಕ್ಕೆ ಪ್ಲಾಟಿನಂ ದರ್ಜೆ ಸಿಕ್ಕಿ ಸುದ್ದಿಯಾಯಿತು. 2007ರಲ್ಲಿ ಟೆರಿ ಸಂಸ್ಥೆ ಮತ್ತು ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ನಮ್ಮದೇ ‘ಗೃಹ’ ಪದ್ಧತಿ ತಂದವು. ಒಟ್ಟು ಅಂಕ, ಅಂಕಕ್ಕೆ ತಕ್ಕ ದರ್ಜೆ, ಇದೇ ಎಲ್ಲದರ ತಿರುಳು. ಲೀಡ್‌ನಲ್ಲಿ 110ಕ್ಕೆ 60 ಬಂದರೆ ಚಿನ್ನ, 80 ದಾಟಿದರೆ ಪ್ಲಾಟಿನಂ.

ನನ್ನ ಸಂಶೋಧನೆ ಕನ್ನಡ ಕಾದಂಬರಿಯ ಮೇಲೆ. ಕಾದಂಬರಿ ಓದುವಾಗ ನಮ್ಮ ಮೇಷ್ಟ್ರುಗಳು ಮೊದಲು ಹೇಳಿಕೊಟ್ಟ ಪ್ರಶ್ನೆ: ಕಥೆ ಹೇಳುವವನು ಎಲ್ಲಿ ನಿಂತಿದ್ದಾನೆ, ಅಲ್ಲಿಂದ ಅವನಿಗೆ ಏನು ಕಾಣುವುದಿಲ್ಲ? ರೇಟಿಂಗ್ ಕೈಪಿಡಿಗೂ ಈ ಪ್ರಶ್ನೆ ಹಾಕಬಹುದು. ಅದರ ನಿರೂಪಕ ನಿವೇಶನದ ಒಳಗೆ ನಿಂತಿದ್ದಾನೆ. ಕಾಂಪೌಂಡಿನ ಒಳಗೆ ಅವನ ಕಣ್ಣು ಬಲು ಚುರುಕು. ಪ್ರತಿ ನಲ್ಲಿಯಿಂದ ನಿಮಿಷಕ್ಕೆ ಎಷ್ಟು ಲೀಟರ್, ಪ್ರತಿ ಕಿಟಕಿಯಿಂದ ಎಷ್ಟು ಶಾಖ, ಪೇಂಟಿನ ವಾಸನೆಯಲ್ಲಿ ಏನಿದೆ, ಸೈಕಲ್ ನಿಲ್ಲಿಸಲು ಎಷ್ಟು ಜಾಗ, ಎಲ್ಲವೂ ಗೊತ್ತು. ಗೋಡೆ ದಾಟಿದ ಕೂಡಲೇ ಅವನ ವಾಕ್ಯಗಳು ಗಿಡ್ಡವಾಗುತ್ತವೆ.

ಇದರ ಅರ್ಥ ಒಳಗಿನ ಕೆಲಸ ಬೂಟಾಟಿಕೆ ಎಂದಲ್ಲ. ಇನ್ಫೋಸಿಸ್ ಸಂಸ್ಥೆ ಹೈದರಾಬಾದಿನ ಪೋಚಾರಂ ಆವರಣದಲ್ಲಿ ಕಟ್ಟಿದ ಒಂದು ಕಚೇರಿಯ ಕಥೆ ನನಗೆ ತುಂಬ ಇಷ್ಟ. ಅದನ್ನು ಸರಿಯಾಗಿ ಎರಡು ಹೋಳು ಮಾಡಿದರು. ಒಂದು ಹೋಳಿಗೆ ಒಳ್ಳೆಯ ದರ್ಜೆಯದೇ ಆದ ಮಾಮೂಲಿ ಏಸಿ. ಇನ್ನೊಂದರಲ್ಲಿ ಕಾಂಕ್ರೀಟ್ ಸ್ಲ್ಯಾಬಿನೊಳಗೇ ಕೊಳವೆ ಹೂತು ತಣ್ಣನೆಯ ನೀರು ಹರಿಸುವ ವ್ಯವಸ್ಥೆ. ತಣ್ಣಗಾದ ಚಾವಣಿ ಕೆಳಗೆ ಕೂತವರ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಹಳೆಯ ಕಲ್ಲುಮಂಟಪದಲ್ಲಿ ಬೇಸಿಗೆಯ ಮಧ್ಯಾಹ್ನ ಕೂತವರಿಗೆ ಆಗುವ ಅನುಭವವೇ ಇದು. ಒಂದೇ ಬಿಸಿಲು, ಒಂದೇ ಊರು, ಒಂದೇ ಬಗೆಯ ಕೆಲಸಗಾರರು. ಕೊಳವೆಯ ಹೋಳು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ವಿದ್ಯುತ್ ಬಳಸಿತು. ಹೀಗೆ ತನ್ನನ್ನೇ ಸೀಳಿಕೊಂಡು ಪರೀಕ್ಷೆಗೆ ಒಡ್ಡಿಕೊಳ್ಳುವ ಕಟ್ಟಡಕ್ಕೆ ನನ್ನ ಗೌರವವಿದೆ. ನಮ್ಮ ಗೋಪುರಗಳಲ್ಲಿ ಎಷ್ಟಕ್ಕೆ ಈ ಧೈರ್ಯವಿದೆ? ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ, ವರ್ಷದ ಬಹುಪಾಲು ಕಿಟಕಿ ತೆರೆದರೆ ಸಾಕಾಗುವ ಊರಿನಲ್ಲಿ ತಲೆಯಿಂದ ಕಾಲವರೆಗೆ ಗಾಜು ಹೊದಿಸಿ, ಆ ಗಾಜಿನೊಳಗೆ ಸೇರಿದ ಶಾಖವನ್ನು ಜಾಣ ಯಂತ್ರದಿಂದ ಹೊರಹಾಕಿ, ಹಾಗೆ ಉಳಿಸಿದ ವಿದ್ಯುತ್ತಿಗೆ ಅಂಕ ಪಡೆಯುವುದು ಮೊದಲು ಕಾಯಿಲೆ ತರಿಸಿಕೊಂಡು ಆಮೇಲೆ ಪಥ್ಯಕ್ಕೆ ಬಹುಮಾನ ಕೇಳಿದ ಹಾಗೆ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ದೊಮ್ಮಲೂರಿನಲ್ಲಿ. ಅಲ್ಲಿರುವುದು ಗೋಪುರವಲ್ಲ, ಕೆಲವೇ ಅಂತಸ್ತಿನ ಕಚೇರಿ. ‘ಗೃಹ’ ಪದ್ಧತಿ ರೂಪಿಸಿದ ಟೆರಿ ಸಂಸ್ಥೆಯದೇ ದಕ್ಷಿಣ ಭಾರತದ ಕೇಂದ್ರ. ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಸಂಜಯ ಮೋಹೆ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಪಠ್ಯದ ಹಾಗೆ ಓದುವ ಕಟ್ಟಡ ಅದು. ನಿವೇಶನದ ದಕ್ಷಿಣಕ್ಕೆ ಒಂದು ರಾಜಕಾಲುವೆ. ಕಾಲುವೆ ಎನ್ನುವುದು ದಾಖಲೆಯ ಮರ್ಯಾದೆ, ಹರಿಯುವುದು ಕೊಚ್ಚೆ. ಗಾಳಿ ಬೀಸುವುದೂ ಆ ಕಡೆಯಿಂದಲೇ. ಕಿಟಕಿ ತೆರೆದರೆ ನಾತ, ಮುಚ್ಚಿದರೆ ಏಸಿ ಬೇಕು. ಮೋಹೆ ಕಂಡುಕೊಂಡ ಪರಿಹಾರ ಹೀಗಿದೆ: ದಕ್ಷಿಣದ ಗೋಡೆಯನ್ನು ಹೆಚ್ಚುಕಡಿಮೆ ಪೂರ್ತಿ ಮುಚ್ಚಿದರು. ಅದರ ಹೊರಮೈಗೆ, ನಡುವೆ ಸ್ವಲ್ಪ ಸಂದು ಬಿಟ್ಟು, ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಸಂದಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಏರುವಾಗ ಕಟ್ಟಡದ ಒಳಗಿನ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಆ ಜಾಗ ತುಂಬಲು ಉತ್ತರದ ತೆರೆದ ಬದಿಯಿಂದ ತಂಪು ಗಾಳಿ ಒಳಗೆ ಬರುತ್ತದೆ. ಅಂದರೆ ಪ್ರಕೃತಿ ದಕ್ಷಿಣದಿಂದ ಉತ್ತರಕ್ಕೆ ಬೀಸಿದರೆ ಈ ಕಟ್ಟಡದೊಳಗೆ ಗಾಳಿ ಉತ್ತರದಿಂದ ದಕ್ಷಿಣಕ್ಕೆ ನಡೆಯುತ್ತದೆ. ಫ್ಯಾನಿಲ್ಲ, ಮೋಟಾರಿಲ್ಲ. ಬಿಸಿಲು ಹೆಚ್ಚಾದಷ್ಟೂ ಎಳೆತ ಹೆಚ್ಚು.

ಇಷ್ಟು ಅಚ್ಚುಕಟ್ಟಾದ ಯೋಚನೆಯನ್ನು ಕಂಡಾಗ ಒಂದು ಒಳ್ಳೆಯ ಸಣ್ಣಕಥೆ ಓದಿದ ಖುಷಿಯಾಗುತ್ತದೆ. ತೊಂದರೆಯನ್ನೇ ಉಪಾಯವನ್ನಾಗಿ ತಿರುಗಿಸಿದ್ದಾರೆ. ಮೇಲಾಗಿ, ಈ ಕಟ್ಟಡ ಕಾಂಪೌಂಡಿನಾಚೆ ಏನಿದೆ ಎಂಬುದನ್ನು ಒಪ್ಪಿಕೊಂಡು ಹುಟ್ಟಿದ್ದು. ಕೊಚ್ಚೆ ಇಲ್ಲದಿದ್ದರೆ ಅದಕ್ಕೆ ಈ ರೂಪವೇ ಇರುತ್ತಿರಲಿಲ್ಲ. ಆದರೂ ಅದು ಕೊಚ್ಚೆಗೆ ಕೊಟ್ಟ ಉತ್ತರ ಬೆನ್ನು. ಒಂದು ಕಟ್ಟಡದಿಂದ ಅದಕ್ಕಿಂತ ಹೆಚ್ಚು ಕೇಳುವುದು ಅನ್ಯಾಯ, ನಿಜ. ವಾಸ್ತುಶಿಲ್ಪಿಗೆ ಕಾಲುವೆಯ ಮೇಲೆ ಅಧಿಕಾರವಿಲ್ಲ. ಓದುವವರಿಗೆ ಮಾತ್ರ ಆ ನೀರಿನ ಹಿಂದೆ ಹೋಗಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಲಸೂರಿನ ಕಡೆಯಿಂದ ದೊಮ್ಮಲೂರು ಹಾದು ಬರುವ ಈ ಹರಿವು ಚಲ್ಲಘಟ್ಟ ಕಣಿವೆಯದು. ಬೆಳ್ಳಂದೂರಿನ ಹತ್ತಿರ ಕೋರಮಂಗಲ ಕಣಿವೆಯ ನೀರೂ ಇದೂ ಒಂದೇ ಬಯಲಿಗೆ ಇಳಿಯುತ್ತವೆ. ಎರಡೂ ಸೇರಿದ ಹೆಸರನ್ನು ಕೋಲಾರ ಜಿಲ್ಲೆಯಲ್ಲಿ ಇವತ್ತು ಚಿಕ್ಕ ಮಕ್ಕಳೂ ಹೇಳುತ್ತಾರೆ: ಕೆ.ಸಿ. ವ್ಯಾಲಿ. ಬೆಂಗಳೂರಿನ ಚರಂಡಿ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಷ್ಟು ಪಂಪು ಮಾಡಿ, 126 ಕೆರೆ ತುಂಬಿಸುವ ಯೋಜನೆ. 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷಗಟ್ಟಲೆ ಒಣಗಿ ಬಿರಿದ ಅಂಗಳದಲ್ಲಿ ನೀರು ಕಂಡು ಜನ ಪೂಜೆ ಮಾಡಿದರು. ಮರುತಿಂಗಳೇ ಅದೇ ಕೆರೆಯಲ್ಲಿ ಬೆಳ್ಳಂದೂರಿನ ಹಾಗೆ ನೊರೆ ಎದ್ದಿತು. ನೀರು ನಿಂತಿತು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು, ನೀರು ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಅಂದಿನಿಂದ ನಿಂತಿಲ್ಲ.

ಈ ನೀರಿನ ಬಗ್ಗೆ ಸರಳ ಮಾತಾಡುವುದು ಕಷ್ಟ. ನದಿಯಿಲ್ಲದ ಜಿಲ್ಲೆ ನಮ್ಮದು. ಪಾಲಾರ್, ಪಿನಾಕಿನಿ ಎಂದು ಹೆಸರಿವೆ, ಮಳೆಗಾಲ ಬಿಟ್ಟರೆ ಮರಳು. ಬೋರ್‌ವೆಲ್ 1,500 ಅಡಿ ಇಳಿದರೂ ಧೂಳು ಬಂದ ಹೊಲಗಳಿವೆ. ಕೆರೆ ತುಂಬಿದ ಮೇಲೆ ಸುತ್ತಲ ಬಾವಿಗಳಲ್ಲಿ ನೀರಿನ ಮಟ್ಟ ಏರಿತು, ಟೊಮೆಟೊ, ರೇಷ್ಮೆ ಮತ್ತೆ ಚಿಗುರಿದವು. ಅದನ್ನು ಕಂಡವರ ಮುಂದೆ ನೊರೆಯ ಮಾತೆತ್ತಿದರೆ ‘ನೀವು ಓದಿದೋರು ಹೇಳ್ತೀರ ಬಿಡಣ್ಣ, ನಮಗೆ ನೀರು ಬಂತಲ್ಲ’ ಅನ್ನುತ್ತಾರೆ. ಅದೇ ಜನ ಆ ನೀರನ್ನು ತಾವು ಕುಡಿಯುವುದಿಲ್ಲ, ಮಗುವಿಗೆ ಸ್ನಾನಕ್ಕೂ ಹಾಕುವುದಿಲ್ಲ. ಕೆರೆಯಿಂದ ಇಂಗಿ ಬಾವಿಗೆ ಬಂದ ಮೇಲೆ ಅದು ಯಾವ ನೀರು ಎಂದು ಬೇರ್ಪಡಿಸುವುದಾದರೂ ಹೇಗೆ? ಕೃತಜ್ಞತೆ, ಅಸಹ್ಯ ಎರಡೂ ಒಂದೇ ಕೊಡದಲ್ಲಿ ಬಂದಿವೆ.

ಈಗ ಮತ್ತೆ ನಡುಬೆಂಗಳೂರಿನ ಆ ಗೋಪುರಕ್ಕೆ ಹೋಗೋಣ. ಅದು ಕಾವೇರಿ ನೀರು ತರಿಸಿಕೊಳ್ಳುತ್ತದೆ. ಸುಮಾರು 100 ಕಿ.ಮೀ. ದೂರದಿಂದ, ಬೆಟ್ಟ ಹತ್ತಿಸಿ ತಂದ ನೀರು. ಬಳಸಿದ್ದರಲ್ಲಿ ಒಂದು ಪಾಲನ್ನು ನೆಲಮಾಳಿಗೆಯ ಘಟಕದಲ್ಲಿ ಶುದ್ಧಮಾಡಿ ಶೌಚಾಲಯಕ್ಕೆ, ಕೂಲಿಂಗ್ ಟವರಿಗೆ, ಗೋಡೆಯ ಮೇಲಿನ ಗಿಡಗಳಿಗೆ ಹಾಕುತ್ತದೆ. ಇದಕ್ಕೆ ಅಂಕವಿದೆ, ಇರಬೇಕಾದ್ದೇ. ಹೊರಗೆ ಬಿಟ್ಟ ನೀರು ಎಷ್ಟು ಕಡಿಮೆಯಾಯಿತು ಎಂಬುದಕ್ಕೂ ಅಂಕವಿದೆ. ಬಿಟ್ಟ ನೀರು ಯಾರ ಕೆರೆಗೆ ಹೋಯಿತು, ಅಲ್ಲಿ ಏನಾಯಿತು ಎಂಬುದಕ್ಕೆ ಇಲ್ಲ. ಇನ್ನೂ ಒಂದು ವಿಚಿತ್ರವಿದೆ. ಬೆಂಗಳೂರಿನ ಕಟ್ಟಡಗಳೆಲ್ಲ ಮಾದರಿ ಹಸಿರಾಗಿ ತಮ್ಮ ನೀರನ್ನು ತಾವೇ ಪೂರ್ತಿ ಮರುಬಳಕೆ ಮಾಡಿಕೊಂಡರೆ ಕಣಿವೆಗೆ ಬರುವ ಹರಿವು ತಗ್ಗುತ್ತದೆ, ಕೋಲಾರದ ಕೆರೆಗಳು ಮತ್ತೆ ಒಣಗುತ್ತವೆ. ಒಬ್ಬರ ಪುಣ್ಯ ಇನ್ನೊಬ್ಬರ ಬರವಾಗುವ ಈ ಸಂಬಂಧವನ್ನು ಹಿಡಿಯಲು ಅಂಕಪಟ್ಟಿಗೆ ಭಾಷೆಯೇ ಇಲ್ಲ. ನಮ್ಮಲ್ಲಿ ಚಾಲ್ತಿಯಲ್ಲಿರುವ ‘ಪರಿಸರಸ್ನೇಹಿ’ ಎಂಬ ಪದದಲ್ಲೂ ಇದೇ ಕೊರತೆ. ಸ್ನೇಹಿ ಅಂದಮೇಲೆ ಎರಡು ಕಡೆ ಬೇಕು. ಆ ಕಡೆಯವರ ಹೆಸರೇನು, ಊರು ಯಾವುದು?

ಕಲ್ಲಿನ ವಿಷಯವೂ ಇದೇ. ಸ್ಥಳೀಯ ಸಾಮಗ್ರಿ ಬಳಸಿದರೆ ಅಂಕ ಕೊಡುತ್ತಾರೆ, ಸಾಗಣೆಯ ಹೊಗೆ ಉಳಿಯುತ್ತದೆ ಎಂಬ ಕಾರಣಕ್ಕೆ. ಲೀಡ್‌ನ 2009ರ ಆವೃತ್ತಿಯಲ್ಲಿ ‘ಸ್ಥಳೀಯ’ ಅಂದರೆ 500 ಮೈಲಿ. ಬೂದಿಕೋಟೆಯಿಂದ ಅಷ್ಟು ದೂರ ಹೊರಟರೆ ಮುಂಬೈ ಹತ್ತಿರ ಹತ್ತಿರ ಬರುತ್ತದೆ. ಭಾರತೀಯ ಮಂಡಳಿ ಇದನ್ನು 400 ಕಿ.ಮೀ.ಗೆ ಇಳಿಸಿತು. ಹೇಗೆ ಅಳೆದರೂ ಕೋಲಾರದ ಬಂಡೆ, ನಮ್ಮ ಕ್ರಷರುಗಳ ಜಲ್ಲಿ, ಎಂ-ಸ್ಯಾಂಡ್ ಎಲ್ಲವೂ ಅಪ್ಪಟ ಸ್ಥಳೀಯ. ಹೀಗೆ ನಮ್ಮ ಬೆಟ್ಟವೊಂದು ಅರ್ಧ ಕರಗುವುದು ಅಲ್ಲಿ ಒಂದೆರಡು ಅಂಕವಾಗಿ ನಮೂದಾಗಬಹುದು. ಎಷ್ಟು ದೂರದಿಂದ ಎಂಬುದು ಲೆಕ್ಕಕ್ಕೆ ಬಂತು. ಎಂಥ ಗುಂಡಿ ಬಿಟ್ಟು ಎಂಬುದು ಬರಲಿಲ್ಲ.

ಸಾರಿಗೆಯ ಅಂಕವನ್ನೂ ನೋಡಿ. ಕಟ್ಟಡದ ಬಾಗಿಲಿಂದ ರೈಲು ನಿಲ್ದಾಣ ಅರ್ಧ ಮೈಲಿಯೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ ಅದೇ ಆವೃತ್ತಿ. ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಳಗಿನ ಜಾವ ಹೊರಡುವ ರೈಲುಗಳಲ್ಲಿ ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲಿಫ್ಟ್ ಆಪರೇಟರ್ ಕೆಲಸದವರೇ ಬೋಗಿ ತುಂಬ. ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್. ಬದುಕಿರುವುದೇ ಈ ಹಳಿಯ ಮೇಲೆ. ನೆಲದಡಿ ಮೂರು ಕಿಲೋಮೀಟರ್ ಇಳಿಯುತ್ತಿದ್ದ ಚಾಂಪಿಯನ್ ರೀಫ್‌ನ ಕಾರ್ಮಿಕರ ಮಕ್ಕಳು ಇವತ್ತು ಇಪ್ಪತ್ತನೇ ಮಹಡಿಗೆ ಹತ್ತುತ್ತಾರೆ. ಅವರು ಹೋಗಿಬರಲು ದಿನಕ್ಕೆ ನಾಲ್ಕೈದು ಗಂಟೆ ಕಳೆಯುತ್ತಾರೆ, ಕಟ್ಟಡಕ್ಕೆ ‘ಸಾರ್ವಜನಿಕ ಸಾರಿಗೆ ಬಳಸುವ ಸಿಬ್ಬಂದಿ’ಯ ಪುಣ್ಯ ಸಿಗುತ್ತದೆ.

ಇಷ್ಟು ಹೇಳಿ ಕೋಲಾರವನ್ನು ಬರೀ ಬಲಿಪಶುವಾಗಿ ಕೂರಿಸಿದರೆ ಅದೂ ಅರ್ಧ ಓದು. ಒಂದು ಕಾಲದಲ್ಲಿ ಈಗಿನ ಬೆಂಗಳೂರಿನ ಜಾಗದಲ್ಲಿ ನಾವಿದ್ದೆವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ವಿದ್ಯುತ್ ತಂದದ್ದು ಕೆ.ಜಿ.ಎಫ್.ಗೆ, ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡಿದ್ದು 1905ರಲ್ಲಿ. ಪಾಲಾರ್ ಮೇಲಿನ ಬೇತಮಂಗಲದ ಕೆರೆಯ ನೀರನ್ನು ಗಣಿಯ ಕಾಲೊನಿಗಳಿಗೆ ಹರಿಸಿದರು. ಹೊಳೆ ಎಲ್ಲಿಯದೋ, ದೀಪ ನಮ್ಮದು. ದೂರದಿಂದ ತರಿಸಿಕೊಂಡು ಬೆಳಗುವುದು, ಬೆಳಗಿದ ಮೇಲೆ ಉಳಿದದ್ದನ್ನು ಪಕ್ಕಕ್ಕೆ ರಾಶಿ ಹಾಕುವುದು, ಈ ವಿದ್ಯೆಯನ್ನು ನಾಡಿಗೆ ಕಲಿಸಿದವರಲ್ಲಿ ನಾವೂ ಇದ್ದೇವೆ. ಹಾಗಾಗಿಯೇ ನಮಗೆ ಈ ಲೆಕ್ಕದ ತೂತು ಬೇಗ ಕಾಣುತ್ತದೆ.

ಬೂದಿಯ ಮಾತೂ ಒಂದಿಷ್ಟು ಹೇಳಬೇಕು, ಊರ ಹೆಸರಿನ ಋಣವಿದೆ. ಸಿಮೆಂಟ್ ತಯಾರಿಸುವಾಗ ಸುಣ್ಣದ ಕಲ್ಲನ್ನು ಸುಟ್ಟರೆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಕಲ್ಲಿದ್ದಲ ಹೊಗೆ ಬೇರೆ. ಅದಕ್ಕೆ ಉಪಾಯವಾಗಿ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಶೇ. 35ರವರೆಗೆ ಬೆರೆಸುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಒಂದು ಗೋಪುರ ಬಳಕೆಗೆ ಬರುವ ಮೊದಲೇ, ಒಂದು ದೀಪವೂ ಹೊತ್ತುವ ಮೊದಲೇ, ಅದರ ಕಾಂಕ್ರೀಟು, ಉಕ್ಕು, ಗಾಜು ಸುಟ್ಟ ಇಂಧನದ ಸಾಲ ಅದರ ತಲೆಯ ಮೇಲಿರುತ್ತದೆ. ಆ ಸಾಲ ತೀರಬೇಕಾದರೆ ಕಟ್ಟಡ ಬಹಳ ಕಾಲ ನಿಲ್ಲಬೇಕು. ಎಂ.ಜಿ. ರಸ್ತೆಯಲ್ಲಿ 1973ರಲ್ಲಿ ಎದ್ದ ಪಬ್ಲಿಕ್ ಯುಟಿಲಿಟಿ ಕಟ್ಟಡ ಆಗ ಊರಿಗೇ ಎತ್ತರದ್ದು. ಈಗ ಹಳೆಯದಾಗಿ ಮಂಕಾಗಿ ನಿಂತಿದೆ, ಯಾರೂ ಅದನ್ನು ಹಸಿರು ಅನ್ನುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಂಥದ್ದನ್ನು ದುರಸ್ತಿ ಮಾಡಿ ಇನ್ನೂ ಐವತ್ತು ವರ್ಷ ನಡೆಸುವುದು ಹೊಸ ಪ್ಲಾಟಿನಂ ಗೋಪುರಕ್ಕಿಂತ ದೊಡ್ಡ ಕೆಲಸ. ಹಳೆಯ ಕಟ್ಟಡ ಉಳಿಸಿಕೊಂಡರೂ ಅಂಕವಿದೆ, ಆದರೆ ಕೆಲವೇ ಕೆಲವು.

ನಮ್ಮ ಮೇಸ್ತ್ರಿಗಳ ಬಾಯಲ್ಲಿ ‘ಸುಸ್ಥಿರ’ ಎಂಬ ಪದವಿಲ್ಲ, ‘ಬಾಳಿಕೆ’ ಇದೆ. ಚಪ್ಪಡಿ ಕಲ್ಲು ಹೊದಿಸಿದ ಮನೆಗಳನ್ನು ತೋರಿಸಿ ‘ಬಾಳಿಕೆ ಬರ್ತದೆ’ ಅನ್ನುತ್ತಾರೆ. ಸುಸ್ಥಿರ ಅಂದರೆ ಅಲುಗದೆ ನಿಂತಿರುವುದು. ಬಾಳಿಕೆಯಲ್ಲಿ ಬಾಳು ಇದೆ, ಬಳಸುವವರ ಬಾಳೂ ಸೇರಿದೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ದ ಬಳಗ, ಮುಖ್ಯವಾಗಿ ಕೆ.ಎಸ್. ಜಗದೀಶ್, ಕೆಂಪು ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ದುಡಿದದ್ದು ಈ ಬಾಳಿಕೆಯ ವಿಜ್ಞಾನಕ್ಕೇ. ಇಪ್ಪತ್ತು ಮಹಡಿಯನ್ನು ಮಣ್ಣಿನಲ್ಲಿ ಎಬ್ಬಿಸಲಾಗದು. ಇಪ್ಪತ್ತು ಮಹಡಿ ಬೇಕೇ ಎಂಬ ಪ್ರಶ್ನೆಗೂ ಕೈಪಿಡಿಯಲ್ಲಿ ಅಂಕವಿಲ್ಲ ಎಂಬುದನ್ನು ಗಮನಿಸಬೇಕು.

ಕನ್ನಡ ವಿಮರ್ಶೆಗೂ ಇಲ್ಲಿ ಕೆಲಸವಿದೆ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂದಾಗಿನಿಂದ ನಾವು ಆಫೀಸನ್ನು ಅಧಿಕಾರದ ಜಾಗವಾಗಿ, ಬೇಟೆಯ ಜಾಗವಾಗಿ ಓದುತ್ತ ಬಂದಿದ್ದೇವೆ, ಚೆನ್ನಾಗಿಯೇ ಓದಿದ್ದೇವೆ. ಆಮೇಲೆ ಐಟಿ ಕಚೇರಿಯ ಕಥೆಗಳು ಬಂದವು, ಒಂಟಿತನದ ಬಗ್ಗೆ ಬರೆದೆವು. ಆಫೀಸು ಕಲ್ಲು ತಿನ್ನುತ್ತದೆ, ನೀರು ಕುಡಿಯುತ್ತದೆ, ಉಚ್ಚೆ ಹೊಯ್ಯುತ್ತದೆ ಎಂಬುದು ನಮ್ಮ ಓದಿನೊಳಗೆ ಬರಲೇ ಇಲ್ಲ. ಆಫೀಸಿಗೂ ಮೈಯಿದೆ ಎಂದು ನೋಡಲು ಕಥೆಗಾರರಿಗಾಗಿ ಕಾಯಬೇಕಿಲ್ಲ. ಓದಲು ಸಿದ್ಧ ಪಠ್ಯಗಳಿವೆ.

ಉದಾಹರಣೆಗೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮೀರಿದ ಕಟ್ಟಡಕ್ಕೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಗಣಿಗೆ, ಅಣೆಕಟ್ಟಿಗೆ ಅನುಮತಿ ಕೊಡುವ ಮೊದಲು ಸುತ್ತಲಿನ ಜನರ ಅಹವಾಲು ಕೇಳುವ ನಿಯಮವಿದೆ. ಕಟ್ಟಡ ಯೋಜನೆಗಳಿಗೆ ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಕೊಟ್ಟಿದೆ. ದೊಮ್ಮಲೂರಿನವರನ್ನೂ ಕೇಳಬೇಕಿಲ್ಲ, ಲಕ್ಷ್ಮೀಸಾಗರದವರನ್ನಂತೂ ಇಲ್ಲವೇ ಇಲ್ಲ. ಅನುಮತಿಗಾಗಿ ಕೊಡುವ ಅರ್ಜಿಗಳಲ್ಲಿ ನೀರಿನ ಆಯವ್ಯಯದ ಒಂದು ಕೋಷ್ಟಕವಿರುತ್ತದೆ: ಬರುವ ನೀರು ಇಷ್ಟು, ಶುದ್ಧೀಕರಿಸಿದ್ದು ಇಷ್ಟು, ಶೌಚಾಲಯಕ್ಕೆ, ಗಿಡಗಳಿಗೆ, ಕೂಲಿಂಗಿಗೆ ಇಷ್ಟಿಷ್ಟು. ಲೆಕ್ಕ ಸರಿಹೊಂದದೆ ಉಳಿದದ್ದು ‘ಹೆಚ್ಚುವರಿ’. ಈ ಕಡತಗಳು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಲು ಸಿಗುತ್ತವೆ, ಇಂಗ್ಲಿಷಿನಲ್ಲಿ. ಎಂ.ಎ. ತರಗತಿಯ ಒಂದು ಸೆಮಿನಾರಿನಲ್ಲಿ ಹತ್ತು ವಿದ್ಯಾರ್ಥಿಗಳು ಹತ್ತು ಗೋಪುರಗಳ ಕಡತ ಹಂಚಿಕೊಂಡು, ಆ ‘ಹೆಚ್ಚುವರಿ’ ಎಂಬ ಸಾಲಿನ ಮುಂದಿರುವ ಅಂಕಿಯನ್ನು ಕನ್ನಡದಲ್ಲಿ ಬರೆದು, ಅದರ ಪಕ್ಕ ಕಣಿವೆಯ ಹೆಸರನ್ನೂ ಕೆಳಗಿನ ಕೆರೆಯ ಹೆಸರನ್ನೂ ತುಂಬಬಹುದು. ಕೆರೆಗಳ ಪಟ್ಟಿ ಬೇಕಾದವರಿಗೆ ನಾನು ಕೊಡುತ್ತೇನೆ.